ಅತ್ತಿಗೆಯ ಎಡಗೆನ್ನೆ

ಫೆಬ್ರವರಿ 3, ಸೋಮವಾರ

ಸಂಜೆಯೊಳಗೆ ಏಳು ಮುಖ ಮುಗಿದವು. ಎಂಟನೆಯದು ನಮ್ಮ ಅತ್ತಿಗೆಯದು.

ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಟೇಪಿನ ಗುರುತು. ಗಲ್ಲ ಇಡಲು ಸ್ಟ್ಯಾಂಡು. ಕ್ಯಾಮೆರಾ ಅಲುಗುವಂತಿಲ್ಲ, ದೀಪ ಅಲುಗುವಂತಿಲ್ಲ. ನನ್ನ ಕೆಲಸ ಅಂದರೆ ಇಷ್ಟೇ — ಆರು ಫೋಟೋ ಮುಗಿಯುವ ತನಕ ಏನೂ ಬದಲಾಗದಂತೆ ನೋಡಿಕೊಳ್ಳುವುದು. ಬದಲಾಗಬೇಕಾದ್ದು ಚರ್ಮ ಒಂದೇ. ದಿನಾ ಬೆಳಿಗ್ಗೆ ಒಂದು ಚಮಚ ಕಾಲಜನ್ ಪುಡಿ (ಸುಕ್ಕು ಹೋಗುತ್ತದೆ ಎಂದು ನಮ್ಮ ಕಂಪನಿ ಮಾರುವುದು), ನಾಲ್ಕು ವಾರಕ್ಕೊಂದು ಫೋಟೋ. ಕೊನೆಗೆ ಮೊದಲನೆಯದು, ಕೊನೆಯದು ಅಕ್ಕಪಕ್ಕ. ಬಿಫೋರ್, ಆಫ್ಟರ್. ಕಂಪನಿಯ ಜೀವ ಇರುವುದೇ ಆ ಎರಡು ಫೋಟೋಗಳಲ್ಲಿ.

ಐವತ್ತು ದಾಟಿದ ಒಬ್ಬರು ಬೇಕೇ ಬೇಕು ಎಂದು ಮ್ಯಾನೇಜರ್ ಹಿಂದೆ ಬಿದ್ದಿದ್ದರು. (ಬೆನ್ನ ಹಿಂದೆ ನಾವು ಕರೆಯುವುದು ‘ನಗುಮುಖ’ ಎಂದು. ಬೈಯುವಾಗಲೂ ಹಲ್ಲು ಕಾಣುತ್ತದೆ.) ಅತ್ತಿಗೆಯ ಹೆಸರು ಕೊಟ್ಟವಳು ನಾನೇ. ಅವರಿಗೂ ಬೇಕಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರು ಕಲಿಸುತ್ತಿದ್ದಾರೆ. ಹೋದ ವಾರ ಹೊಸಬನೊಬ್ಬ, "ಅಜ್ಜಿ, ಕ್ಲಚ್ ಯಾವ್ದು?" ಅಂದನಂತೆ.

"ಅವನಿಗೇ ನಲವತ್ತು ಕಣೇ! ನಲವತ್ತರವನಿಗೆ ನಾನು ಅಜ್ಜೀನಾ? ಹನ್ನೊಂದು ಸಲ ರಿವರ್ಸ್ ಹಾಕಿಸ್ದೆ. ಕುತ್ತಿಗೆ ಉಳುಕಿಸ್ಕೊಂಡು ಹೋದ."

ಮೇಕಪ್ ಒರೆಸಿ ಕೂರಿಸಿದೆ. ಎಡಗಡೆ ಸುಕ್ಕು ಜಾಸ್ತಿ. ದಿನವಿಡೀ ಪಕ್ಕದ ಸೀಟು, ಕಿಟಕಿಯ ಬಿಸಿಲೆಲ್ಲ ಎಡಗೆನ್ನೆಗೆ. ಒಂದೇ ಮುಖದಲ್ಲಿ ಅಕ್ಕ ತಂಗಿ ಇಬ್ಬರು.

ಆಮೇಲೆ ಎಡಿಟಿಂಗ್. ನಮ್ಮಲ್ಲಿ ಸುಕ್ಕು ಮುಟ್ಟುವಂತಿಲ್ಲ. ಬೇರೆಯವರು ಕಂಪ್ಯೂಟರಿನಲ್ಲೇ ಮುಖಕ್ಕೆ ಇಸ್ತ್ರಿ ಹಾಕುತ್ತಾರೆ, ನಾವು ಹಾಕುವುದಿಲ್ಲ. ಅದು ನನ್ನ ಹೆಮ್ಮೆ ಕೂಡ. ಆದರೆ ನೋಡುವವರ ಗಮನ ಬೇರೆ ಕಡೆ ಹೋಗಬಾರದಲ್ಲ — ಮೊಡವೆ, ಮಚ್ಚೆ, ಹಾರಾಡುವ ಕೂದಲು ತೆಗೆಯಬೇಕು. ಮಚ್ಚೆಯ ಮೇಲೆ ಒಂದು ವೃತ್ತ ಇಟ್ಟು ಕ್ಲಿಕ್ ಮಾಡಿದರೆ ಪಕ್ಕದ ಚರ್ಮವೇ ಬಂದು ಅದರ ಮೇಲೆ ಕೂರುತ್ತದೆ. ಅದೇ ವೃತ್ತವನ್ನು ಮುಂದಿನ ಫೋಟೋಗಳಿಗೂ ಕಾಪಿ ಮಾಡಿಕೊಳ್ಳಬಹುದು.

ಅತ್ತಿಗೆಯ ಎಡಕಿವಿಯ ಮುಂದೆ ಒಂದು ಕಂದು ಮಚ್ಚೆ. ಸಾಸಿವೆಗಿಂತ ಒಂಚೂರು ದಪ್ಪ. ಕ್ಲಿಕ್. ಹೋಯಿತು.

ಫೆಬ್ರವರಿ 9, ಭಾನುವಾರ

ಅಣ್ಣನ ಮನೆಯಲ್ಲಿ ಊಟ. ಬೆಳಿಗ್ಗೆಯೇ ಹೋದೆ. ಅತ್ತಿಗೆ ನೀರಿಗೆ ಪುಡಿ ಕಲಸಿ, ಮೂಗು ಹಿಡಿದುಕೊಂಡು ಕುಡಿದರು.

"ಮೀನಿನ ಚರ್ಮದಿಂದ ಮಾಡ್ತಾರಂತೆ," ಅಂದೆ.

ಅಣ್ಣ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ, "ಹಾಗಾದ್ರೆ ಇನ್ಮೇಲೆ ಈಜ್ತಾಳಾ?" ಅಂದ. ಗಡಿಯಾರ ರಿಪೇರಿಯವನು. ಭಾನುವಾರವೂ ಯಾವುದೋ ಹಲ್ಲುಚಕ್ರದ ಜೊತೆಗೇ ಸಂಸಾರ. ದಿನಕ್ಕೆ ಮೂರು ಮಾತಾಡಿದರೆ ಅದರಲ್ಲಿ ಎರಡು ಅತ್ತಿಗೆಯನ್ನು ಕೆಣಕುವುದಕ್ಕೆ.

ಕಂಪನಿಯ ಚೀಟಿ ಓದಿ ಹೇಳಿದೆ. ಪುಡಿಯೊಂದೇ ಸಾಲದು. ಹುಳಿ ಹಣ್ಣು ತಿನ್ನಬೇಕು, ವಿಟಮಿನ್ ಸಿ ಇಲ್ಲದೆ ಮೈ ಕಾಲಜನ್ ಕಟ್ಟುವುದಿಲ್ಲ. ಚೆನ್ನಾಗಿ ನಿದ್ದೆ. ಎಲ್ಲಕ್ಕಿಂತ ಮುಖ್ಯ, ಸನ್‌ಸ್ಕ್ರೀನ್. ಇರುವ ಕಾಲಜನ್ನನ್ನು ಹಾಳು ಮಾಡುವುದೇ ಬಿಸಿಲು.

"ಹಣ್ಣು ತಿಂತೀನಿ, ನಿದ್ದೆ ಮಾಡ್ತೀನಿ. ಆ ಕ್ರೀಮ್ ಮಾತ್ರ ಬೇಡ. ಬೆವರಿನ ಜೊತೆ ಕಣ್ಣಿಗಿಳಿಯುತ್ತೆ. ನಾನು ಕಣ್ಣುಜ್ಜೋ ಅಷ್ಟ್ರಲ್ಲಿ ಕಲಿಯೋರು ಲೈಟ್ ಕಂಬಕ್ಕೆ ಗುದ್ದಿರ್ತಾರೆ."

ನಕ್ಕೆವು. ಒತ್ತಾಯ ಮಾಡಲಿಲ್ಲ.

ಮಾರ್ಚ್ 3, ಸೋಮವಾರ

ಎರಡನೇ ಫೋಟೋ. ಏನೂ ಬದಲಾಗಿಲ್ಲ. ಕೆನ್ನೆಯ ಚರ್ಮ ಎಳೆದು ಬಿಟ್ಟು, ಎಷ್ಟು ಬೇಗ ಮೊದಲಿನಂತಾಗುತ್ತದೆ ಎಂದು ನೋಡುವ ಮೀಟರೂ ಅದನ್ನೇ ಹೇಳಿತು. ಅತ್ತಿಗೆಯ ಮುಖ ಸಪ್ಪಗಾಯಿತು. "ಮೀನಿಗೆ ಮೋಸ ಆಯ್ತು," ಅಂದರು.

ಮಾರ್ಚ್ 31, ಸೋಮವಾರ

ಬದಲಾಗಿದೆ! ಮೀಟರ್ ಸ್ವಲ್ಪ ಮೇಲೆ. ಕಣ್ಣಿನ ಕೆಳಗಿನ ಗೆರೆ ಸ್ವಲ್ಪ ತೆಳು. ಪುಡಿಯೋ, ಹಣ್ಣೋ, ಟೈಮಿಗೆ ಸರಿಯಾಗಿ ಮಲಗಿದ್ದೋ, ಯಾರಿಗೆ ಗೊತ್ತು. ನಗುಮುಖ ಮಾತ್ರ ಪುಡಿಯೇ ಅಂದರು. ಇವತ್ತು ಹಲ್ಲಿನ ಜೊತೆ ವಸಡೂ ಕಂಡಿತು.

ಅತ್ತಿಗೆ ಖುಷಿಯಿಂದ ಸ್ಕ್ರೀನ್ ನೋಡಿದರು. ಆಮೇಲೆ ಕಿವಿಯ ಮುಂದೆ ಬೆರಳಿಟ್ಟು, "ಈ ಮಚ್ಚೆ ಸ್ವಲ್ಪ ಎದ್ದು ಕಾಣುತ್ತೆ ಅಲ್ವಾ? ಮುಂಚೆ ಇಷ್ಟಿರ್ಲಿಲ್ಲ ಅನ್ಸುತ್ತೆ" ಅಂದರು.

"ಅದನ್ನ ನಾನು ತೆಗೀತೀನಿ ಬಿಡಿ ಅತ್ತಿಗೆ. ಫೋಟೋದಲ್ಲಿ ಕಾಣಲ್ಲ. ತಲೆ ಕೆಡಿಸ್ಕೋಬೇಡಿ."

ಬೆರಳು ತೆಗೆದರು. ಹೋಗುವಾಗ ಬಾಗಿಲಿನ ಗಾಜಿನಲ್ಲಿ ಮುಖ ನೋಡಿಕೊಂಡು, ಜಡೆ ಸರಿಮಾಡಿಕೊಂಡು, ಹದಿನೆಂಟರವರ ಹಾಗೆ ಮೆಟ್ಟಿಲಿಳಿದರು.

ಅಮ್ಮ ಇಲ್ಲದ ಮನೆಗೆ ಬಂದವರು ಅವರು. ನನಗಾಗ ಒಂಬತ್ತು. ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಪರೀಕ್ಷೆಯ ದಿನ ಸ್ಕೂಲ್ ಗೇಟಿನ ಹತ್ತಿರ ಬಿಸಿಲಲ್ಲಿ ನಿಂತು ಕಾದದ್ದು ಎಲ್ಲ ಅವರೇ. ಅವರಿಗೆಂದು ನಾನು ಏನು ಮಾಡಿದ್ದೇನೆ? ಇವತ್ತು ಇಷ್ಟಾದರೂ ಆಯಿತಲ್ಲ ಎಂದು ಸಂತೋಷ.

ಏಪ್ರಿಲ್ 28, ಸೋಮವಾರ

ನಾಲ್ಕನೇ ಫೋಟೋ. ಹಳೇ ವೃತ್ತ ಕಾಪಿ ಮಾಡಿದರೆ ಮಚ್ಚೆಯ ಒಂದು ಅಂಚು ಆಚೆ ಉಳಿಯಿತು. ಅತ್ತಿಗೆ ತಲೆ ಅಲುಗಿಸಿರಬೇಕು. ವೃತ್ತ ದೊಡ್ಡದು ಮಾಡಿದೆ. ಕ್ಲಿಕ್.

ಎಂಟು ಜನರಲ್ಲಿ ಅತ್ತಿಗೆಯದೇ ಚೆನ್ನಾಗಿ ಬಂದಿದೆಯಂತೆ. ಹೀಗೇ ಹೋದರೆ ಬಸ್ಸಿನ ಹಿಂಭಾಗಕ್ಕೆ ಪೋಸ್ಟರ್. ಫೋನಿನಲ್ಲಿ ಹೇಳಿದೆ. ಅಲ್ಲೇ ಅಣ್ಣನನ್ನು ಕೂಗಿ ಕರೆದು ಹೇಳಿದರು. ಆಮೇಲೆ —

"ನನ್ನ ಕೈಯಲ್ಲಿ ಕಲಿತವರೆಲ್ಲ ನನ್ನ ಮುಖದ ಹಿಂದೇನೇ ಓಡಿಸ್ಬೇಕು. ಡಿಸ್ಟೆನ್ಸ್ ಬಿಡದೇ ಇರ್ಲಿ, ಆಗ ಇದೆ!"

ಮೇ 26, ಸೋಮವಾರ

ಐದನೆಯದು. ತಲೆನೋವು. ಒಂದೇ ದಿನ ಎಂಟು ಮುಖ, ಮೇಲೆ ಎರಡು ಕ್ಯಾಟಲಾಗ್. ಅತ್ತಿಗೆಯದಕ್ಕೆ ಮತ್ತೆ ವೃತ್ತ ಸಾಲಲಿಲ್ಲ. ಹಾಳಾದ್ದು, ಪ್ರತಿ ಸಲ ಇದೇ ಗೋಳು. ಕಾಪಿ ಮಾಡಿದರೆ ಸುಮ್ಮನೆ ಕೂರಬಾರದೇ? ದೊಡ್ಡದು ಮಾಡಿದೆ. ಮನೆಗೆ ಬಂದು ಮಲಗಿದೆ.

ಜೂನ್ 24, ಮಂಗಳವಾರ, ಬೆಳಿಗ್ಗೆ 11.40

ಕೆಲಸ ಅರ್ಧಕ್ಕೇ ಬಿಟ್ಟಿದ್ದೇನೆ. ಬರೆದರೆ ತಲೆ ಸ್ವಲ್ಪ ನೆಟ್ಟಗಾಗಬಹುದು.

ನಿನ್ನೆ ಕೊನೆಯ ಫೋಟೋ ಆಯಿತು. ಇವತ್ತು ಪೋಸ್ಟರ್. ಆರೂ ಫೋಟೋ ಒಂದರ ಮೇಲೊಂದು ಇಟ್ಟು, ಕಣ್ಣಿಗೆ ಕಣ್ಣು, ಮೂಗಿಗೆ ಮೂಗು ಕೂರಿಸುತ್ತಿದ್ದೆ. ಪಕ್ಕದಲ್ಲಿ ನಾನು ಮಾಡಿದ ಎಡಿಟ್‌ಗಳ ಪಟ್ಟಿ ತೆರೆದುಕೊಂಡಿತು. ಎಡಗೆನ್ನೆ, ವೃತ್ತದ ಅಳತೆ. ಮೊದಲ ಫೋಟೋ 14. ಎರಡನೆಯದು 14. ಮೂರನೆಯದು 14. ನಾಲ್ಕನೆಯದು 22. ಐದು, 31. ನಿನ್ನೆಯದು 40.

ಹದಿನಾಲ್ಕರಿಂದ ನಲವತ್ತು.

ತಲೆ ಅಲುಗಿದ್ದರೆ ವೃತ್ತದ ಜಾಗ ಬದಲಾಗಬೇಕು. ಅಳತೆ ಯಾಕೆ ಬದಲಾಗಬೇಕು?

ಎಡಿಟ್ ಆಫ್ ಮಾಡಿದೆ. ಆರೂ ಫೋಟೋಗಳಲ್ಲಿ ಮಚ್ಚೆ ವಾಪಸ್ ಬಂತು. ಮೊದಲನೆಯದರಲ್ಲಿ ಕಂದು, ದುಂಡಗೆ. ಮೂರನೆಯದರಲ್ಲಿ ಅಳತೆ ಅಷ್ಟೇ, ಬಣ್ಣ ಕಪ್ಪು. ನಾಲ್ಕನೆಯದರಲ್ಲಿ ಒಂದು ಮಗ್ಗುಲು ಹರಡಿದೆ. ಕೊನೆಯದರಲ್ಲಿ... ಅಂಚು ಹರಿದ ಕಾಗದದ ಹಾಗಿದೆ. ನಡುವೆ ನೀಲಿ. ಒಂದು ಕಡೆ ಒಣಗಿದ ರಕ್ತದ ಚುಕ್ಕೆ.

ಇದನ್ನು ನಾನು ನೋಡಿಲ್ಲ. ನಿನ್ನೆ ಎದುರಿಗೇ ಕೂತಿದ್ದರು, ಮೇಕಪ್ ಇಲ್ಲದ ಮುಖ, ನಾನೇ ಒರೆಸಿದ್ದು. ನಾನು ನೋಡಿದ್ದು ಗಲ್ಲ ಸ್ಟ್ಯಾಂಡಿನ ಮೇಲಿದೆಯಾ, ಮೂಗು ಗೆರೆಗೆ ಸರಿಯಾಗಿದೆಯಾ ಅಂತ. ಮುಖ ನೋಡಲಿಲ್ಲ. ನಾಲ್ಕನೇ ತಿಂಗಳಿಂದ ನನ್ನ ಕೈಯೇ ವೃತ್ತ ದೊಡ್ಡದು ಮಾಡುತ್ತಾ ಬಂದಿದೆ, ಮೂರು ಸಲ, ಮತ್ತೆ ನಾನು ನೋಡಿಲ್ಲ!

ನೀರು ಕುಡಿದೆ. ಅತ್ತಿಗೆಯ ಫೋನ್ ಸ್ವಿಚ್ ಆಫ್. ಕ್ಲಾಸ್ ಇರುವಾಗ ಯಾವಾಗಲೂ ಆಫ್. ಹೊರಟೆ.

ಅದೇ ದಿನ, ಮಧ್ಯಾಹ್ನ 3.30

ಕಾರು ಕಲಿಸುವ ಮೈದಾನಕ್ಕೆ ಓಡಿದೆ. ಅತ್ತಿಗೆಯ ಕಾರು ಕೋನ್‌ಗಳ ನಡುವೆ ಆಮೆಯಂತೆ ಬರುತ್ತಿತ್ತು. ಸ್ಟಿಯರಿಂಗ್ ಹಿಡಿದದ್ದು ಒಬ್ಬ ಟೈಲರಮ್ಮ. ಅಡ್ಡ ಹೋಗಿ ನಿಂತೆ. ಟೈಲರಮ್ಮ ಕಿರುಚಿದರು. ಅತ್ತಿಗೆ ತಮ್ಮ ಕಡೆಯ ಬ್ರೇಕ್ ಒತ್ತಿದರು.

"ಸಾಯ್ಬೇಕು ಅಂತಿದ್ರೆ ಲೈಸೆನ್ಸ್ ಇರೋರ ಗಾಡಿಗೆ ಹೋಗಿ ಬೀಳು! ಯಾಕೇ? ಅಣ್ಣಂಗೇನಾದ್ರೂ..."

"ಅಣ್ಣ ಚೆನ್ನಾಗಿದಾನೆ. ಅತ್ತಿಗೆ, ನಿಮ್ಮ ಕೆನ್ನೆ ತೋರ್ಸಿ."

"ಕೆನ್ನೆಗೇನೇ ಆಗಿದೆ? ಬಸ್ ಮೇಲೆ ಬರ್ತಿದೆ!"

ಅವರನ್ನು ಕಾರಿನಿಂದ ಇಳಿಸಿ, ಕರ್ಚೀಫ್ ಒದ್ದೆ ಮಾಡಿ ಫೌಂಡೇಶನ್ ಒರೆಸಿದೆ. ಬಿಸಿಲಲ್ಲಿ ನೋಡಿದೆ. ಸ್ಕ್ರೀನಿನಲ್ಲಿ ಕಂಡದ್ದಕ್ಕಿಂತ ಕಪ್ಪು. ಬೆರಳಿಗೆ ಗಡುಸು. ನನ್ನ ಮುಖದಲ್ಲಿ ಏನು ಕಂಡಿತೋ, ಅತ್ತಿಗೆಯ ಬೈಗುಳ ಅಲ್ಲೇ ನಿಂತಿತು.

"ಒಂದೊಂದ್ಸಲ ತುರಿಸುತ್ತೆ," ಅಂದರು ಮೆಲ್ಲಗೆ. "ಹೋದ ವಾರ ದಿಂಬಿನ ಮೇಲೆ ರಕ್ತ ಇತ್ತು. ಉಗುರು ತಾಗಿರ್ಬೇಕು ಅಂದ್ಕೊಂಡೆ. ಯಾಕೆ ಪುಟ್ಟಿ? ಏನದು?"

"ಗೊತ್ತಿಲ್ಲ. ನಾಳೆ ಡಾಕ್ಟರಿಗೆ ತೋರ್ಸೋಣ."

ಟೈಲರಮ್ಮ ಹಿಂದಿನಿಂದ, "ಮೇಡಂ, ಗಾಡಿ ಹಿಂದಕ್ಕೆ ಹೋಗ್ತಾ ಇದೆ" ಅಂದರು. ಹೋಗುತ್ತಿತ್ತು. ಅತ್ತಿಗೆ ಓಡಿಹೋಗಿ ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಎರಡು ಕೋನ್ ಬಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಹ್ಯಾಂಡ್‌ಬ್ರೇಕ್ ಮರೆತದ್ದು.

ಜೂನ್ 25, ಬುಧವಾರ

ಚರ್ಮದ ಡಾಕ್ಟರು ಲೆನ್ಸ್ ಇಟ್ಟು ತುಂಬಾ ಹೊತ್ತು ನೋಡಿದರು. ಇವತ್ತೇ ತೆಗೆದು ಟೆಸ್ಟಿಗೆ ಕಳಿಸಬೇಕು ಅಂದರು. ಬಯಾಪ್ಸಿ.

"ಯಾರು ಗಮನಿಸಿದ್ದು?"

"ನಮ್ಮ ಪುಟ್ಟಿ!" ಅತ್ತಿಗೆಯ ದನಿಯಲ್ಲಿ ಹೆಮ್ಮೆ. "ನನ್ನ ನಾದಿನಿ. ಫೋಟೋ ತೆಗೆಯೋಳು. ಅವಳ ಕಣ್ಣು ಅಂದ್ರೆ ಹದ್ದಿನ ಕಣ್ಣು."

"ಯಾವಾಗ ಗಮನಿಸಿದ್ರಿ?" ಡಾಕ್ಟರು ನನ್ನ ಕಡೆ ತಿರುಗಿದರು.

"ನಿನ್ನೆ," ಅಂದೆ.

ಹೌದು, ನಿನ್ನೆಯೇ. ಆದರೂ ಹೇಳಿದ ಕೂಡಲೇ ಅದು ಸುಳ್ಳು ಅನ್ನಿಸಿತು. ತಿದ್ದಲಿಲ್ಲ.

ಎಡಿಟ್ ಮಾಡದ ಆರು ಫೋಟೋ ತೋರಿಸಿದೆ. ಡಾಕ್ಟರು ಕನ್ನಡಕ ಏರಿಸಿಕೊಂಡರು. ಇಷ್ಟು ಅಚ್ಚುಕಟ್ಟಾಗಿ, ಒಂದೇ ಬೆಳಕಲ್ಲಿ, ಒಂದೇ ದೂರದಿಂದ ಯಾರೂ ತರುವುದಿಲ್ಲವಂತೆ. ನನ್ನನ್ನು ಹೊಗಳಿದರು. ಹೊಗಳಿದರು! ಬಿಲ್ ಕಟ್ಟುವ ನೆಪದಲ್ಲಿ ಎದ್ದು ಆಚೆ ಹೋದೆ.

ಜೂನ್ 29, ಭಾನುವಾರ

ರಿಪೋರ್ಟ್ ಬಂದಿಲ್ಲ. ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆಯ ಕೆನ್ನೆಗೆ ಪ್ಲಾಸ್ಟರ್. ನನ್ನ ತಟ್ಟೆಗೆ ಎರಡೆರಡು ಸಲ ಬಡಿಸಿದರು. "ನೀನು ನೋಡ್ದೆ ಇದ್ದಿದ್ರೆ ಏನ್ ಗತಿ" ಅಂತ ನಾಲ್ಕು ಸಲ ಅಂದರು. ಎಣಿಸಿದೆ. ಒಂದೊಂದು ಸಲವೂ ತಟ್ಟೆ ನೋಡಿಕೊಂಡು ತಿಂದೆ.

ಅಣ್ಣ ಕೈತೊಳೆಯುವಾಗ ನನಗೊಬ್ಬಳಿಗೇ ಕೇಳುವಂತೆ, "ದಿನವಿಡೀ ಕೂದಲೆಳೆಯಷ್ಟು ಸ್ಪ್ರಿಂಗ್ ನೋಡ್ತೀನಿ. ಎದುರಿಗೆ ಊಟಕ್ಕೆ ಕೂರೋಳ ಮುಖ ನೋಡ್ಲಿಲ್ಲ" ಅಂದ.

ಅವನು ನೋಡಲಿಲ್ಲ, ಅಷ್ಟೇ. ನಾನು ನೋಡಿ ಅಳಿಸಿದೆ. ಅವನಿಗೂ ಹೇಳಲಾಗಲಿಲ್ಲ.

ಜುಲೈ 4, ಶುಕ್ರವಾರ

ಮೆಲನೋಮಾ. ಚರ್ಮದ ಕ್ಯಾನ್ಸರ್‌ಗಳಲ್ಲೇ ಕೆಟ್ಟದ್ದು.

ಆ ಪದ ಕೇಳಿದ ಮೇಲೆ ಡಾಕ್ಟರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅತ್ತಿಗೆಯೇ ಎಲ್ಲ ಕೇಳಿದರು, ಲೈಸೆನ್ಸ್ ಟೆಸ್ಟಿನ ನಿಯಮ ಕೇಳುವ ಹಾಗೆ ಒಂದೊಂದಾಗಿ. ಸುತ್ತಲಿನ ಚರ್ಮ ಅಗಲವಾಗಿ ಕತ್ತರಿಸಬೇಕು. ಕುತ್ತಿಗೆಯ ಒಂದು ಗಂಟನ್ನೂ (ಲಿಂಫ್ ನೋಡ್ ಅಂತೆ) ತೆಗೆದು ನೋಡಬೇಕು. ಕ್ಯಾನ್ಸರ್ ಅದಕ್ಕೆ ಹರಡಿಲ್ಲದಿದ್ದರೆ ಬದುಕುವ ಭರವಸೆ ಬಲವಾಗಿಯೇ ಇದೆ. ಹರಡಿದ್ದರೆ ದಾರಿ ದೂರ, ಏನನ್ನೂ ಹೇಳಲಾಗದು.

"ಇನ್ನೂ ಬೇಗ ಬಂದಿದ್ರೆ?" ಕೇಳಿದವಳು ನಾನು. ಯಾಕೆ ಕೇಳಿದೆನೋ.

ಡಾಕ್ಟರು ಫೋಟೋಗಳ ಕಡೆ ನೋಡಿದರು. "ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಈ ಮೂರನೇದು, ನಾಲ್ಕನೇದು... ಆಗ ಬಂದಿದ್ರೆ ಇಷ್ಟು ಆಳಕ್ಕೆ ಇಳೀತಿರ್ಲಿಲ್ಲ ಅನ್ಸುತ್ತೆ. ಆದ್ರೆ ಯಾರಿಗೆ ಗೊತ್ತಾಗುತ್ತೆ ಹೇಳಿ? ಮಚ್ಚೆ ಯಾರೂ ಅಳೆಯಲ್ಲ."

ನಾನು ಅಳೆದಿದ್ದೆ. ಹದಿನಾಲ್ಕು, ಇಪ್ಪತ್ತೆರಡು, ಮೂವತ್ತೊಂದು.

ಜುಲೈ 7, ಸೋಮವಾರ

ಪೋಸ್ಟರ್ ಮಾಡುವುದಿಲ್ಲ ಅಂದೆ. ನಗುಮುಖ ಯಾಕೆ ಅಂದರು. ಎಡಿಟ್ ಆಫ್ ಮಾಡಿ ತೋರಿಸಿದೆ. ಆ ಮುಖದಲ್ಲಿ ನಗು ಇಲ್ಲದ್ದನ್ನು ಮೊದಲ ಸಲ ನೋಡಿದೆ. ಗುರುತೇ ಸಿಗಲಿಲ್ಲ. "ಮಚ್ಚೆ ತೆಗೀಬೇಕು ಅಂತ ಪಟ್ಟಿ ಮಾಡಿದ್ದು ನಾನು," ಅಂದರು. ಕುರ್ಚಿ ಎಳೆದುಕೊಂಡು, "ಉಳಿದ ಏಳು ಜನರದ್ದೂ ತೆಗೆದು ನೋಡು."

ಇಬ್ಬರೂ ಕೂತು ನೋಡಿದೆವು. ಬೇರೆ ಯಾರದೂ ಬೆಳೆದಿಲ್ಲ. ಬೆಳೆದದ್ದು ಅತ್ತಿಗೆಯದೊಂದೇ.

ಜುಲೈ 10, ಗುರುವಾರ, ಬೆಳಿಗ್ಗೆ 10.15

ಆಪರೇಷನ್ ಥಿಯೇಟರಿನ ಹೊರಗೆ. ಪಕ್ಕದಲ್ಲಿ ಅಣ್ಣ. ತಾನು ರಿಪೇರಿ ಮಾಡಿದ ವಾಚನ್ನೇ ನಿಮಿಷಕ್ಕೊಮ್ಮೆ ಅಲ್ಲಾಡಿಸಿ ನೋಡುತ್ತಿದ್ದಾನೆ, ನಿಂತಿದೆಯೇನೋ ಎಂಬಂತೆ.

ಹೇಳಿದೆ. ಏಳು ಗಂಟೆಗೆ, ಅಣ್ಣ ಕಾಫಿ ತರಲು ಹೋದಾಗ. ಹೇಳದೆ ಒಳಗೆ ಕಳಿಸಿದ್ದರೆ, ಏನಾದರೂ ಆಗಿದ್ದರೆ, ಕೊನೆಯ ತನಕ ನನ್ನನ್ನು ಹೊಗಳುತ್ತಲೇ ಹೋಗುತ್ತಿದ್ದರು. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಅವರಿಗಾಗಿ ಹೇಳಿದೆನೋ ನನಗಾಗಿ ಹೇಳಿದೆನೋ, ಆ ಲೆಕ್ಕ ಬೇಡ.

ಹಸಿರು ಗೌನ್ ಹಾಕಿ ಕೂತಿದ್ದರು. ಜಡೆ ಬಿಚ್ಚಿಸಿದ್ದರು. ಹಾಗೆ ಬಿಟ್ಟ ಕೂದಲಲ್ಲಿ ಅವರನ್ನು ನೋಡಿದ್ದು ಕಡಿಮೆ.

"ಅತ್ತಿಗೆ, ನಾನು ಗಮನಿಸಿದ್ದು ಮೊನ್ನೆ ಅಲ್ಲ. ಏಪ್ರಿಲ್‌ನಲ್ಲೇ ಅದು ವೃತ್ತದಿಂದ ಆಚೆ ಬಂದಿತ್ತು. ನಾನು ವೃತ್ತ ದೊಡ್ಡದು ಮಾಡಿ ಅಳಿಸ್ದೆ. ಮೇನಲ್ಲೂ. ಜೂನ್‌ನಲ್ಲೂ."

"ಬೆಳೀತಾ ಇದೆ ಅಂತ ಗೊತ್ತಿತ್ತಾ?"

"ಕೈಗೆ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ."

ಎಷ್ಟು ಕೆಟ್ಟ ಉತ್ತರ. ಬೇರೆ ಉತ್ತರ ಇರಲಿಲ್ಲ. ಅತ್ತಿಗೆ ಗೋಡೆಯ ಕಡೆ ತಿರುಗಿದರು. ಬೆನ್ನು ಮಾತ್ರ ಕಾಣುತ್ತಿತ್ತು. ಗೌನಿನ ದಾರ ಕಟ್ಟಿದ್ದು ನಾನೇ, ಸೊಟ್ಟಗಿತ್ತು. ಹೊಡೆಯಲಿ, ಬೈಯಲಿ, ಆಚೆ ಹೋಗು ಅನ್ನಲಿ ಎಂದು ಕಾದೆ. ಈ ಕಡೆ ತಿರುಗಿದರು.

"ಅದಿಲ್ಲದ ಫೋಟೋ ಇದೆಯಾ ಫೋನಲ್ಲಿ?"

"...ಇದೆ."

"ತೋರ್ಸು."

ಕೊಟ್ಟೆ. ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಕಣ್ಣು, ಹಣೆ, ಆಮೇಲೆ ಎಡಗೆನ್ನೆ. ಅಲ್ಲಿ ತುಂಬಾ ಹೊತ್ತು ನಿಂತರು.

"ಚೆನ್ನಾಗಿದೀನಿ," ಅಂದರು.

ನನಗೆ ಅಳು ಒತ್ತರಿಸಿ ಬಂತು. ಅವರ ಕಣ್ಣಲ್ಲಿ ಒಂದು ಹನಿ ಇಲ್ಲ. ಅಷ್ಟರಲ್ಲಿ ನರ್ಸ್ ಗಾಲಿಮಂಚ ತಳ್ಳಿಕೊಂಡು ಬಂದರು. ಅತ್ತಿಗೆ ತಾವೇ ಹತ್ತಿ ಮಲಗಿದರು. ಫೋನ್ ನನ್ನ ಕೈಗೆ ಕೊಡಲಿಲ್ಲ, ಹಾಸಿಗೆಯ ಮೇಲೆ ಇಟ್ಟರು. ಬಾಗಿಲ ತನಕ ಪಕ್ಕದಲ್ಲೇ ನಡೆದೆ. ಅಣ್ಣ ಎರಡು ಕಾಫಿ ಹಿಡಿದುಕೊಂಡು ಓಡಿಬಂದ. ಅವನ ಕೈ ಮುಟ್ಟಿದರು. ನನ್ನದು ಮುಟ್ಟಲಿಲ್ಲ.

ಬಾಗಿಲು ತೆಗೆದಾಗ ತಲೆ ಎತ್ತಿ ನನ್ನನ್ನೇ ನೋಡಿ ಅಂದರು —

"ಆಚೆ ಬರ್ತೀನಿ. ಆಮೇಲೆ ಇದೆ ನಿನಗೆ."

ಕಾಯುತ್ತಿದ್ದೇನೆ. ಎಷ್ಟು ಬೇಕಾದರೂ ಬೈಯಲಿ. ವರ್ಷಗಟ್ಟಲೆ ಬೈಯಲಿ. ಊರಿಗೆಲ್ಲ ಕೇಳುವಂತೆ ಬೈಯಲಿ. ನನಗೆ ಅರವತ್ತಾದಾಗಲೂ, ಅವರಿಗೆ ಹಲ್ಲಿಲ್ಲದಾಗಲೂ ಇದನ್ನೇ ಎತ್ತಿ ಎತ್ತಿ ಬೈಯಲಿ.

12.05

ಬಾಗಿಲ ಮೇಲಿನ ಕೆಂಪು ದೀಪ ಆರಿತು. ಗಂಟಿನದು ಈಗಲೇ ಗೊತ್ತಾಗುವುದಿಲ್ಲ, ಒಂದು ವಾರ ಎಂದಿದ್ದಾರೆ. ಇವತ್ತಿಗೆ ಅವರು ಕಣ್ಣು ಬಿಟ್ಟರೆ ಸಾಕು. ಅಣ್ಣ ಎದ್ದ. ನರ್ಸ್ ಬಂದು ಯಾರನ್ನೋ ಹುಡುಕುತ್ತಿದ್ದಾರೆ. "ಪುಟ್ಟಿ ಅಂದ್ರೆ ಯಾರು? ಎಚ್ಚರ ಆಗ್ತಿದ್ದ ಹಾಗೇ ಅವರನ್ನೇ ಕರೀತಿದಾರೆ." ಹೊರಟೆ.